ಒಡೆಯದ ಗಾಜು

ಗಾಜು ಒಡೆದಿರಲಿ ಎಂದು ಅವನು ಮೆಟ್ಟಿಲು ಹತ್ತುತ್ತಲೇ ಬೇಡಿಕೊಂಡ. ಯಾರನ್ನು ಬೇಡಿಕೊಂಡೆ ಎಂಬ ಪ್ರಶ್ನೆ ಎರಡನೆಯ ಮಹಡಿಯ ತಿರುವಿನಲ್ಲಿ ಎದ್ದಿತು, ಅದರ ಬೆನ್ನಿಗೇ ಸಿಟ್ಟು ಬಂತು. ಬೇಡಿಕೊಳ್ಳುವ ಚಾಳಿಯನ್ನು ಅವನು ಒಂಬತ್ತನೆಯ ವಯಸ್ಸಿಗೇ ಬಿಟ್ಟಿದ್ದ. ಬಿಟ್ಟದ್ದನ್ನು ದೊಡ್ಡ ಸಾಧನೆಯೆಂದು ಒಳಗೊಳಗೇ ಬೀಗುತ್ತಲೂ ಬಂದಿದ್ದ. ಈಗ ನಲವತ್ತನಾಲ್ಕರಲ್ಲಿ, ಹೆಗಲಿಗೆ ಉಳಿ ಸುತ್ತಿಗೆಗಳ ಚೀಲ ನೇತುಹಾಕಿಕೊಂಡು, ಏದುಸಿರು ಬಿಡುತ್ತಾ, ಅಕ್ಕನ ಮನೆಯ ಗೋಡೆ ಜರುಗಿದ್ದು ಗಾಜಿಗೆ ತಿಳಿದಿರಲಿ, ಅದು ಫಟ್ಟೆಂದು ಎರಡಾಗಿರಲಿ ಎಂದು ಬೇಡುತ್ತಿದ್ದ. ಒಡಹುಟ್ಟಿದವಳ ಮನೆಗೆ ಹೀಗೆ ಹಾರೈಸುತ್ತಾ ಬರುವ ತಮ್ಮ ಈ ಊರಿನಲ್ಲಿ ಇನ್ನೊಬ್ಬನಿರಲಾರ. ಆದರೆ ಗಾಜು ಒಡೆದಿರುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಮೂರು ತಿಂಗಳಿಂದ ಗೊತ್ತಿತ್ತು. ಅದು ಒಡೆಯಲು ಸಾಧ್ಯವೇ ಇರಲಿಲ್ಲ, ಮತ್ತು ಯಾಕೆ ಸಾಧ್ಯವಿರಲಿಲ್ಲ ಎಂದು ಬಲ್ಲವನು ಜಗತ್ತಿನಲ್ಲಿ ಅವನೊಬ್ಬನೇ.

ಅವನ ಕೆಲಸ ಕೇಳಿದವರಿಗೆ ನಗು ಬರುವಂಥದು. ಊರಿನ ನೆಲದಡಿ ರೈಲಿಗಾಗಿ ಸುರಂಗ ಕೊರೆಯಲು ಶುರುವಾದಾಗಿನಿಂದ ಮೇಲಿನ ಮನೆಗಳ ಗೋಡೆಗಳು ಬಿರುಕು ಬಿಡುತ್ತಿದ್ದವು. ನಗರಸಭೆಯ ಕಟ್ಟಡ ಸುರಕ್ಷತೆಯ ವಿಭಾಗದಿಂದ ಅವನು ಹೋಗಿ ಆ ಬಿರುಕುಗಳ ಮೇಲೆ ಗಾಜು ಅಂಟಿಸಬೇಕು. ಗೇಣುದ್ದ, ಎರಡು ಬೆರಳಗಲ, ಬಲು ತೆಳ್ಳನೆಯ ಪಟ್ಟಿ. ಬಿರುಕಿಗೆ ಅಡ್ಡವಾಗಿ ಇಟ್ಟು, ಎರಡು ತುದಿಗೂ ಸಿಮೆಂಟು ಮೆತ್ತಿ, ಕೆಂಪು ಶಾಯಿಯಲ್ಲಿ ತಾರೀಕು ಬರೆಯುವುದು. ಹದಿನೈದು ದಿನಕ್ಕೊಮ್ಮೆ ಹೋಗಿ ನೋಡುವುದು. ಗೋಡೆ ಸ್ವಲ್ಪ ಜರುಗಿದರೂ ಗಾಜು ಮುರಿಯುತ್ತದೆ. ಮುರಿದರೆ ಮನೆ ಖಾಲಿ ಮಾಡಿ ಎಂದು ಚೀಟಿ ಕೊಡುವುದು. ಇಷ್ಟೇ. ಕಚೇರಿಯಲ್ಲಿ ಅವನನ್ನು ಗಾಜಪ್ಪ ಎನ್ನುತ್ತಿದ್ದರು, ಎದುರಿಗೂ. ಅವನಿಗೆ ಅದರಲ್ಲಿ ಬೇಸರವಿರಲಿಲ್ಲ. ಮನುಷ್ಯರು ಅಳುತ್ತಾರೆ, ಕೈಕಾಲು ಹಿಡಿಯುತ್ತಾರೆ, ಮುಂದಿನ ತಿಂಗಳು ಮಗಳ ಹೆರಿಗೆ ಅನ್ನುತ್ತಾರೆ. ಗಾಜಿಗೆ ಅದೆಲ್ಲ ತಿಳಿಯುವುದಿಲ್ಲ. 'ನಾನು ಹೇಳ್ತಿಲ್ಲ, ಗಾಜು ಹೇಳ್ತಿದೆ' ಎಂದು ಅವನು ಚೀಟಿ ಚಾಚುವಾಗ ಅವನ ದನಿಯಲ್ಲಿ ಒಂದು ತಣ್ಣನೆಯ ಹೆಮ್ಮೆ ಇರುತ್ತಿತ್ತು. ಇಡೀ ಊರಿನಲ್ಲಿ ಸುಳ್ಳು ಹೇಳದ ಏಕೈಕ ವಸ್ತುವನ್ನು ಚೀಲದಲ್ಲಿ ಹೊತ್ತು ತಿರುಗುವವನು ತಾನು ಎಂಬ ಹೆಮ್ಮೆ.

ಇವತ್ತು ಬೆಳಿಗ್ಗೆ ಕಚೇರಿಗೆ ಕಾಲಿಡುತ್ತಲೇ ಮೇಲಧಿಕಾರಿ ಕರೆದಿದ್ದ. ಅಕ್ಕನ ಕಟ್ಟಡದ ಹಿಂದಿನ ಓಣಿಯಲ್ಲಿ ಎರಡು ಗಾಜು ಮುರಿದಿದ್ದವು, ಒಂದೇ ದಿನ. ಕೊರೆಯುವ ಯಂತ್ರ ಆ ಓಣಿಯನ್ನು ದಾಟಿ ಮುಂದೆ ಬರುತ್ತಿತ್ತು. ಗೋಡೆಯ ಮೇಲಿನ ನಕ್ಷೆಯಲ್ಲಿ ಮೇಲಧಿಕಾರಿ ಓಣಿಗೆ ಕೆಂಪು ಬಣ್ಣ ತುಂಬುತ್ತಾ, ಪಕ್ಕದಲ್ಲಿ ಹಸಿರಾಗಿ ಉಳಿದಿದ್ದ ಒಂದು ಚೌಕದ ಮೇಲೆ ಪೆನ್ಸಿಲ್ ಊರಿ, 'ಇದು ನಿಮ್ಮ ಅಕ್ಕ ಇರೋ ಕಟ್ಟಡ ಅಲ್ವಾ? ಸುತ್ತ ಎಲ್ಲ ಕೆಂಪಾದ್ರೂ ಇದೊಂದು ಹಸಿರು. ಅದೃಷ್ಟವಂತರು ಬಿಡಿ' ಎಂದಿದ್ದ. ಆ ಮಾತಿನಲ್ಲಿ ಅನುಮಾನವಿರಲಿಲ್ಲ. ಆದರೂ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವನು, 'ಕಳೆದ ಸಲ ಚೆನ್ನಾಗಿ ನೋಡಿದೀನಿ ಸಾರ್, ಒಂದು ಗೆರೆ ಬಿದ್ದಿಲ್ಲ, ಬೇಕಾದ್ರೆ ರಿಜಿಸ್ಟರು ನೋಡಿ' ಎಂದು ಯಾರೂ ಕೇಳದ ಸಾಕ್ಷಿ ಹೇಳಿದ್ದ. ರಿಜಿಸ್ಟರಿನಲ್ಲಿ ಅವನದೇ ದುಂಡನೆಯ ಅಕ್ಷರದಲ್ಲಿ ಬರೆದಿತ್ತು: ಗೋಡೆಯನ್ನು ಇಟ್ಟಿಗೆಯವರೆಗೆ ಕೆರೆದು ಅಂಟಿಸಲಾಗಿದೆ. ಕೆಳಗೆ ಸಹಿ. ಮೇಲಧಿಕಾರಿ ನೋಡಲಿಲ್ಲ. ಅವನು ನೋಡಿದ್ದರೂ ಏನು ಕಾಣುತ್ತಿತ್ತು, ಅಕ್ಷರ ಕಾಣುತ್ತಿತ್ತು.

ಕೆರೆದಿರಲಿಲ್ಲ. ಈ ಕೆಲಸದ ಓಂನಾಮ ಅದೇ, ಮೊದಲ ದಿನವೇ ಹೇಳಿಕೊಡುವುದು: ಬಣ್ಣ ಕೆರೆಯಬೇಕು, ಗಾರೆ ಕೆರೆಯಬೇಕು, ಇಟ್ಟಿಗೆ ಕಾಣುವವರೆಗೂ ಕೆರೆಯಬೇಕು. ಬಣ್ಣದ ಮೇಲೆ ಅಂಟಿಸಿದ ಗಾಜು ಗೋಡೆಯನ್ನು ಹಿಡಿದಿರುವುದಿಲ್ಲ, ಬಣ್ಣವನ್ನು ಹಿಡಿದಿರುತ್ತದೆ. ಗೋಡೆ ಜರುಗಿದರೆ ಬಣ್ಣದ ಪದರ ಸುಮ್ಮನೆ ಬಿಟ್ಟುಕೊಡುತ್ತದೆ, ಗಾಜು ಇದ್ದ ಹಾಗೇ ಇರುತ್ತದೆ. ಬೇರೆಯವರ ಮನೆಗಳಲ್ಲಿ ಅವನು ನಿರ್ದಾಕ್ಷಿಣ್ಯವಾಗಿ ಕೆರೆದಿದ್ದ. ಹೊಸ ಮದುಮಕ್ಕಳ ಕೋಣೆಯ ಗುಲಾಬಿ ಬಣ್ಣವನ್ನು, ಒಬ್ಬ ಮುದುಕ ತನ್ನ ಕೈಯಾರೆ ಬರೆದ ಚಿತ್ರವನ್ನು ಕೂಡ. ಆದರೆ ಅವತ್ತು ಅಕ್ಕ ಕುರ್ಚಿಯ ಮೇಲೆ ನಿಂತು ತಾನೇ ಹೊಡೆದು ಮುಗಿಸಿದ್ದ ತಿಳಿನೀಲಿ ಇನ್ನೂ ವಾಸನೆ ಬಿಡುತ್ತಿತ್ತು. ಆಸ್ಪತ್ರೆಯ ಲಾಂಡ್ರಿಯಲ್ಲಿ ದಿನವಿಡೀ ಬಿಳಿ ಹಾಸಿಗೆ ಬಟ್ಟೆಗಳಿಗೆ ಇಸ್ತ್ರಿ ಹಾಕುವವಳಿಗೆ ಮನೆಗೆ ಬಂದರೆ ಬಿಳಿ ಕಾಣಬಾರದಿತ್ತು. 'ಅಯ್ಯೋ, ನಿನ್ನೆ ತಾನೇ ಹೊಡೆದಿದ್ದು ಕಣೋ, ಉಳಿ ಹಾಕ್ಬೇಡ. ಹಾಗೇ ಅಂಟಿಸು, ಯಾರು ನೋಡ್ತಾರೆ?' ಎಂದಿದ್ದಳು. ಅವನು ಹಾಗೇ ಅಂಟಿಸಿದ್ದ. ಅಕ್ಕನ ಮೇಲಿನ ಪ್ರೀತಿ ಎಂದು ಆಗ ಅನಿಸಿತ್ತು. ಆಮೇಲೆ ಬಸ್ಸಿನಲ್ಲಿ ಕೂತು ಯೋಚಿಸಿದಾಗ, ಬೇಗ ಮುಗಿಯಿತಲ್ಲ ಎಂಬ ಸುಖವೂ, ಇವಳಿಗೆ ಚೀಟಿ ಕೊಡುವ ದಿನ ಬರುವುದಿಲ್ಲವಲ್ಲ ಎಂಬ ಕಳ್ಳ ಸಮಾಧಾನವೂ ಅದರ ಅಡಿಯಲ್ಲಿ ಕೂತಿದ್ದು ಕಂಡಿತ್ತು. ಮುಂದಿನ ಸಲ ಸರಿಮಾಡಿದರಾಯಿತು ಎಂದುಕೊಂಡಿದ್ದ. ಮುಂದಿನ ಸಲ ಹೋದಾಗ ಗಾಜಿನ ಎದುರು ಅಕ್ಕಪಕ್ಕದ ಮನೆಯವರೆಲ್ಲ ನಿಂತಿದ್ದರು, ಅವರ ಮುಂದೆ ಅದನ್ನು ಕಿತ್ತು ಮತ್ತೆ ಅಂಟಿಸಲು ಅವನಿಗೆ ಧೈರ್ಯ ಸಾಲಲಿಲ್ಲ.

ಬಾಗಿಲು ತೆರೆದೇ ಇತ್ತು. 'ಬಾರೋ ಬಾ, ನಿನ್ನ ದಾರೀನೇ ನೋಡ್ತಿದ್ದೆ' ಎಂದಳು ಅಕ್ಕ. ಐವತ್ತನಾಲ್ಕಾದರೂ ಅವಳ ಮುಖದಲ್ಲಿ ಒಂದು ಸುಕ್ಕಿಲ್ಲ. ಇಸ್ತ್ರಿಯ ಹಬೆ ಮುಖಕ್ಕೆ ಒಳ್ಳೆಯದಂತೆ, ಅವಳದೇ ತಮಾಷೆ. ಮಧ್ಯಾಹ್ನದ ಪಾಳಿಗೆ ಹೊರಡಲು ಕೂದಲು ಬಿಗಿದು ಕಟ್ಟಿಕೊಂಡಿದ್ದಳು. 'ಹಿಂದಿನ ಓಣೀಲಿ ಎರಡು ಮನೆ ಹೋಯ್ತಂತಲ್ಲ? ಪಾಪ. ಬಾ, ನಮ್ಮದು ನೋಡು' ಎಂದು ಕೈ ಹಿಡಿದು ಮುಂದಿನ ಕೋಣೆಗೆ ಎಳೆದುಕೊಂಡು ಹೋದಳು, ಬಹುಮಾನ ಬಂದ ಹುಡುಗಿಯ ಹಾಗೆ. ಸೂರಿನ ಮೂಲೆಯಿಂದ ಕಿಟಕಿಯ ಚೌಕಟ್ಟಿನವರೆಗೆ ಇಳಿದಿದ್ದ ಬಿರುಕಿನ ನಡುವೆ ಗಾಜು ಲಕಲಕ ಹೊಳೆಯುತ್ತಿತ್ತು. ಒರೆಸಿಟ್ಟಿದ್ದಳು. ದಿನಾ ಒರೆಸುತ್ತಾಳೆ. ಕಟ್ಟಡದ ಭಾರ ಹೊತ್ತ ಹೊರಗೋಡೆ ಅದು. ಅವನು ಚೀಲವನ್ನು ಕೆಳಗಿಟ್ಟು ಜೇಬಿನಿಂದ ಪೆನ್ಸಿಲ್ ತೆಗೆದ. ಹದಿನೈದು ದಿನದ ಹಿಂದೆ ಬಿರುಕಿನೊಳಗೆ ಪೆನ್ಸಿಲಿನ ಮೊನೆ ಮಾತ್ರ ಹೋಗಿತ್ತು. ಈಗ ಇಡೀ ಪೆನ್ಸಿಲ್ ಸಲೀಸಾಗಿ ಒಳಗೆ ಹೋಯಿತು. ಗಾಜಿನ ಬಲತುದಿಯ ಹತ್ತಿರ ನೀಲಿ ಬಣ್ಣ ಉಗುರಿನಷ್ಟು ಎದ್ದು ನಿಂತಿತ್ತು. ಗಾಜು ಮಾತ್ರ ಅಖಂಡವಾಗಿತ್ತು, ಕೆಂಪು ತಾರೀಕಿನ ಸಮೇತ.

'ಏನು, ಸುಮ್ಮನಾದೆ?' ಅಕ್ಕ ಬೆನ್ನ ಹಿಂದೆ ನಿಂತು ಹೇಳಿದಳು. 'ನಾನು ಹೇಳಿರಲಿಲ್ವಾ? ಬೆಳಿಗ್ಗೆ ಎದ್ದು ಇಲ್ಲೇ ನಿಂತು ಎರಡು ನಿಮಿಷ ಕಣ್ಣು ಮುಚ್ತೀನಿ. ನೀನು ಹಿಡ್ಕೊಂಡಿದ್ದೀಯ, ನನಗೇನು ಭಯ ಅಂತೀನಿ ದೇವರಿಗೆ. ಕಣ್ಣು ಬಿಟ್ರೆ ಗಾಜು ಹಾಗೇ ಇರುತ್ತೆ. ಮೇಲಿನ ಮನೆ ಟೀಚರಮ್ಮ ಸ್ಕೂಲಿಗೆ ಹೋಗೋ ಮುಂಚೆ ದಿನಾ ಬಂದು ಇದನ್ನ ಮುಟ್ಟಿ ಹೋಗ್ತಾಳೆ. ಅವಳಿಗೆ ಮೊದಲು ನಿದ್ದೇನೇ ಬರ್ತಿರಲಿಲ್ಲ, ಗೊತ್ತಾ?'

'ಅಕ್ಕ, ನಮ್ಮನೆಗೆ ಬಂದ್ಬಿಡು ಅಂತ ಎಷ್ಟು ಸಲ ಹೇಳ್ಬೇಕು ನಿನಗೆ?' ಅವನ ದನಿ ತಾನು ಅಂದುಕೊಂಡದ್ದಕ್ಕಿಂತ ಒರಟಾಗಿತ್ತು.

'ಯಾಕೆ ಬರ್ಲಿ? ಗಾಜು ಒಡೆದಿಲ್ವಲ್ಲ.'

ಇದೇ. ಮೂರು ತಿಂಗಳಿಂದ ಇದೇ. ಸುರಂಗದ ಆಳ ಹೇಳಿದ, ಮಣ್ಣಿನ ಗುಣ ಹೇಳಿದ, ಹೆಂಡತಿಯ ಕೈಯಲ್ಲಿ ಫೋನು ಮಾಡಿಸಿದ. ಎಲ್ಲಕ್ಕೂ ಕೊನೆಯಲ್ಲಿ ಅವಳು ಅವನದೇ ಗಾಜನ್ನು ತಂದು ಅವನ ಬಾಯಿಗೆ ಅಡ್ಡ ಇಡುತ್ತಿದ್ದಳು. ದೇವರನ್ನು ತಂದಿಟ್ಟಿದ್ದರೆ ಅವನು ವಾದ ಮಾಡಬಹುದಿತ್ತು. ಆ ವಾದ ಅವನಿಗೆ ಬಾಯಿಪಾಠ. ಯುದ್ಧದ ವರ್ಷ, ಅಮ್ಮ ಸತ್ತ ಆರು ತಿಂಗಳಿಗೆ, ಹಾಡಹಗಲೇ ಸೈರನ್ ಕೂಗಿದಾಗ ಹತ್ತೊಂಬತ್ತರ ಅಕ್ಕ ಒಂಬತ್ತರ ಅವನನ್ನು ಮಂಚದ ಅಡಿಗೆ ನೂಕಿ, ತಾನೂ ತೆವಳಿ ಬಂದು, ಅವನ ಕಿವಿಗೆ ಬಾಯಿಟ್ಟು, 'ಅವನು ನಮ್ಮ ಸೂರಿನ ಮೇಲೆ ಅಂಗೈ ಇಟ್ಟಿದ್ದಾನೆ, ಏನೂ ಆಗಲ್ಲ' ಎಂದಿದ್ದಳು. ಏನೂ ಆಗಲಿಲ್ಲ. ಹೊರಗೆ ಬಂದು ನೋಡಿದರೆ ಎದುರು ಸಾಲಿನ ಮೂರನೆಯ ಮನೆಗೆ ಸೂರಿರಲಿಲ್ಲ. ಅವನ ಜೊತೆ ಗೋಲಿ ಆಡುತ್ತಿದ್ದ ಹುಡುಗನ ಮನೆ ಅದು. 'ಅವನ ಅಂಗೈ ಅಷ್ಟು ಚಿಕ್ಕದಾ ಅಕ್ಕ?' ಎಂದು ಅವನು ಕೇಳಿದ್ದ, ನಿಜವಾಗಿಯೂ ತಿಳಿಯಲೆಂದೇ ಕೇಳಿದ್ದ, ಅವಳು ಕೆನ್ನೆಗೆ ಬಾರಿಸಿದ್ದಳು. ಬಾರಿಸಿ, ತಾನೇ ಅತ್ತಿದ್ದಳು. ಉತ್ತರ ಮಾತ್ರ ಈ ಮೂವತ್ತೈದು ವರ್ಷದಲ್ಲಿ ಬಂದಿರಲಿಲ್ಲ. ಆ ಪ್ರಶ್ನೆಯ ಮೇಲೆಯೇ ಅವನು ತನ್ನ ಇಡೀ ಬಾಳನ್ನು ಕಟ್ಟಿಕೊಂಡಿದ್ದ: ಅಂಗೈ ಬೇಡ, ಅಳತೆ ಸಾಕು. ಈಗ ನೋಡಿದರೆ ಅಳತೆಯ ಕಡ್ಡಿಯನ್ನು ತಾನೇ ಕೆಡಿಸಿ ಅವಳ ದೇವರ ಕೈಗೆ ಕೊಟ್ಟುಬಿಟ್ಟಿದ್ದ. ದೇವರಿಗೆ ಸುಳ್ಳು ಸಾಕ್ಷಿ ಹೇಳಿದ ನಾಸ್ತಿಕ.

ಬಾಗಿಲಲ್ಲಿ ಕೆಮ್ಮಿದ ಸದ್ದಾಯಿತು. ನೆಲಮಹಡಿಯ ದರ್ಜಿ, ಕೊರಳಲ್ಲಿ ಅಳತೆ ಪಟ್ಟಿ, ಬೆರಳಲ್ಲಿ ಒಂದು ಕೀಲಿ. ಅವನಿಗೆ ಮೂರು ಜನ ಮಕ್ಕಳು, ಹಾಸಿಗೆ ಹಿಡಿದ ಅತ್ತೆ. 'ಸಾಹೇಬ್ರು ಬಂದ್ರು ಅಂತ ಗೊತ್ತಾಯ್ತು' ಎಂದು ಅವನು ಹೊಸಿಲಾಚೆಯೇ ನಿಂತು ಶುರುಮಾಡಿದ. 'ಸೇತುವೆ ಆಚೆ ಒಂದು ಮನೆ ನೋಡಿದೀನಿ. ಎರಡು ದಿನದಿಂದ ಕೀಲಿ ನನ್ನ ಹತ್ರಾನೇ ಇದೆ. ಮನೆ ಯಜಮಾನ ಇವತ್ತು ಬಂದು ಕೆಳಗೆ ನಿಂತಿದ್ದಾನೆ, ಬರ್ತೀರೋ ಇಲ್ವೋ ಹೇಳಿ, ಇಲ್ಲಾಂದ್ರೆ ಕೀಲಿ ಕೊಡಿ ಅಂತ. ಅಕ್ಕಾವ್ರು ಬೇಡ ಅಂತಾರೆ. ಅವರ ಧೈರ್ಯ ನೋಡಿ ನನಗೂ ಧೈರ್ಯ. ಆದ್ರೂ ನೀವು ಒಂದು ಮಾತು ಹೇಳಿಬಿಟ್ರೆ...'

'ನಾನೇನು ಹೇಳ್ಲಿ?' ಎಂದ ಅವನು. ಅಕ್ಕ ಅವನ ಮುಖವನ್ನೇ ನೋಡುತ್ತಿದ್ದಳು, ಪೂರಾ ವಿಶ್ವಾಸದಿಂದ. ಪೆನ್ಸಿಲ್ ಇನ್ನೂ ಅವನ ಮುಷ್ಟಿಯೊಳಗೆ ಇತ್ತು. ರಿಜಿಸ್ಟರು, ಸಹಿ, ಮೇಲಧಿಕಾರಿಯ ಮೇಜಿನ ಎದುರು ನಿಂತು ಕೈ ಹಿಸುಕಿಕೊಳ್ಳುವ ತಾನು, ಗಾಜಪ್ಪನ ಗಾಜಿನ ಕಥೆ ಕೇಳಿ ಚಹಾ ಕುಡಿಯುತ್ತಾ ನಗುವ ಜೊತೆಗಾರರು, ಎಲ್ಲ ಒಟ್ಟಿಗೇ ಕಣ್ಣೆದುರು ಬಂದವು. 'ಗಾಜು ಒಡೆದಿಲ್ಲ' ಎಂದು ಅವನು ಹೇಳಿದ. ಅಕ್ಷರಶಃ ನಿಜ. ಬಾಯಿಂದ ಬೀಳುತ್ತಿದ್ದಂತೆ ಅದರಷ್ಟು ಹೊಲಸು ಮಾತನ್ನು ಜನ್ಮದಲ್ಲಿ ಆಡಿರಲಿಲ್ಲ ಎನಿಸಿತು.

'ಅಷ್ಟು ಸಾಕು ಬಿಡಿ' ಎಂದು ದರ್ಜಿ ಕೀಲಿಯನ್ನು ಬೆರಳಲ್ಲಿ ಒಮ್ಮೆ ತಿರುಗಿಸಿ, ಹಗುರಾಗಿ ಮೆಟ್ಟಿಲಿಳಿದು ಹೋದ. ಅಕ್ಕ, 'ಎಷ್ಟು ಬೆವರಿದ್ದೀಯೋ, ತಡಿ, ನೀರು ತರ್ತೀನಿ' ಎಂದು ಅಡುಗೆಮನೆಗೆ ಹೋದಳು.

ಅವನು ಗೋಡೆಯ ಎದುರು ಒಬ್ಬನೇ ಉಳಿದ. ಉಪಾಯ ಎಲ್ಲಿಂದ ಬಂತೋ, ಬಹುಶಃ ಮೆಟ್ಟಿಲು ಹತ್ತುವಾಗಲೇ ಜೊತೆಗೆ ಹತ್ತಿತ್ತು. ಹೆಬ್ಬೆರಳಲ್ಲಿ ಗಾಜಿನ ನಡುವೆ ಒತ್ತಿಬಿಟ್ಟರೆ ಮುರಿಯುತ್ತದೆ. ಮುರಿದರೆ ಚೀಟಿ. ಅಕ್ಕನೂ ಹೊರಡುತ್ತಾಳೆ, ದರ್ಜಿಯೂ, ಟೀಚರಮ್ಮನೂ, ಹನ್ನೆರಡು ಮನೆಯವರೂ. ರಿಜಿಸ್ಟರಿನ ಅಕ್ಷರ ಅಕ್ಷರವಾಗಿಯೇ ಉಳಿಯುತ್ತದೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಎಷ್ಟು ಸುಲಭ, ಮೂರು ತಿಂಗಳು ಯಾಕೆ ಹೊಳೆಯಲಿಲ್ಲ ಎಂದು ತನ್ನ ಮೇಲೆಯೇ ರೇಗಿಕೊಳ್ಳುತ್ತಾ ಅವನು ಹೆಬ್ಬೆರಳೂರಿ ಒತ್ತಿದ. ಚರಕ್ ಎಂದು ಸಣ್ಣ ಸದ್ದಾಯಿತು. ಗಾಜು ಮುರಿಯಲಿಲ್ಲ. ಇಡೀ ಪಟ್ಟಿ, ಎರಡು ತುದಿಯ ಸಿಮೆಂಟು ಉಂಡೆಗಳ ಸಮೇತ, ಬೆನ್ನಿಗೆ ನೀಲಿ ಬಣ್ಣದ ಸಿಪ್ಪೆ ಅಂಟಿಸಿಕೊಂಡು, ಒಣಗಿದ ಹಕ್ಕಳೆಯ ಹಾಗೆ ಕಿತ್ತು ಅವನ ಅಂಗೈಗೆ ಬಂದು ಬಿತ್ತು. ಅದನ್ನು ಇಷ್ಟು ದಿನ ಗೋಡೆಗೆ ಹಿಡಿದಿಟ್ಟಿದ್ದು ಏನು ಎಂದು ಅವನಿಗೇ ಅರ್ಥವಾಗಲಿಲ್ಲ.

ಅಕ್ಕ ನೀರಿನ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅವನ ಅಂಗೈ ನೋಡಿದಳು, ಬೋಳಾದ ಗೋಡೆ ನೋಡಿದಳು, ಮತ್ತೆ ಅಂಗೈ ನೋಡಿದಳು. ಅವಳ ಕಣ್ಣು ಅರಳಿತು. 'ನೋಡಿದ್ಯಾ?' ಎಂದಳು ಪಿಸುದನಿಯಲ್ಲಿ. 'ಕಿತ್ತು ಬಿದ್ರೂ ಒಡೆದಿಲ್ಲ!'

ಆಗ ಅವನೊಳಗೆ ಏನೋ ಕಟ್ಟೆ ಒಡೆಯಿತು. 'ಅಯ್ಯೋ, ನಿನ್ನ ತಲೆ!' ಎಂದು ಅವನು ಅರಚಿದ. 'ಒಡೆಯೋದಾದ್ರೂ ಹೇಗೆ? ಹೇಗೆ ಒಡೆಯುತ್ತೆ ಅಕ್ಕ ಇದು? ಬಣ್ಣದ ಮೇಲೆ ಅಂಟಿಸಿದೀನಿ ನಾನು! ನೀನೇ ತಾನೇ ಕೆರೀಬೇಡ ಅಂದಿದ್ದು? ಗೋಡೆ ಬಿದ್ದು ಮಣ್ಣಾದ್ರೂ ಇದು ಒಡೆಯಲ್ಲ. ಇದು ಗೋಡೆಯನ್ನ ಹಿಡಿದೇ ಇಲ್ಲ! ನಿನ್ನ ದೇವರೂ ಹಿಡಿದಿಲ್ಲ, ಏನೂ ಹಿಡಿದಿಲ್ಲ! ಮೂರು ತಿಂಗಳಿಂದ ನನಗೆ ಗೊತ್ತು. ಪ್ರತೀ ಸಲ ಬಂದು ನೋಡಿ, ಸುಳ್ಳು ಬರೆದು, ಸಹಿ ಹಾಕಿ ಹೋಗಿದೀನಿ. ಸಾಕಾ? ಈಗ ಹೊಗಳು ಅವನನ್ನ!'

ಬೈಯುತ್ತಾಳೆ ಎಂದು ಕಾದ. ಕೆನ್ನೆಗೆ ಬಾರಿಸುತ್ತಾಳೆ ಎಂದು ಕೂಡ ಕಾದ. ಕೆನ್ನೆ ಅದಕ್ಕೆ ಸಿದ್ಧವಾಗಿಯೇ ಇತ್ತು. ಅಕ್ಕ ಲೋಟವನ್ನು ಕಿಟಕಿಯ ದಂಡೆಯ ಮೇಲೆ ನಿಧಾನವಾಗಿ ಇಟ್ಟಳು. ಗೋಡೆಯ ಹತ್ತಿರ ಹೋಗಿ ಬಿರುಕಿನೊಳಗೆ ತೋರುಬೆರಳು ಹಾಕಿದಳು. ಬೆರಳು ಮೊದಲ ಗೆಣ್ಣಿನವರೆಗೆ ಹೋಯಿತು. ಇಸ್ತ್ರಿಯಲ್ಲಿ ಸುಟ್ಟು ಸುಟ್ಟು ಬಿಸಿ ತಂಪು ತಿಳಿಯದ ಬೆರಳು ಅದು. ಅದಕ್ಕೂ ಆಚೆಯ ಗಾಳಿ ತಾಗಿರಬೇಕು, ಥಟ್ಟನೆ ಹಿಂದಕ್ಕೆಳೆದುಕೊಂಡಳು. 'ಹೊರಗಿನ ಗಾಳಿ ಬರ್ತಿದೆ' ಎಂದಳು. ಆಮೇಲೆ, ಯಾರಿಗೋ ಹೇಳುವ ಹಾಗೆ, 'ನಾನು ಅವನನ್ನ ನಂಬಿದ್ದೆ ಅಂದ್ಕೊಂಡಿದ್ದೆ. ದಿನಾ ಎದ್ದು ನೋಡ್ತಿದ್ದದ್ದು ಗಾಜನ್ನ' ಎಂದಳು. ಅವಳ ಕೆಳತುಟಿ ಅದುರುತ್ತಿತ್ತು. ಭಾವ ಸತ್ತ ದಿನವೂ ಆ ತುಟಿ ಅದುರಿದ್ದನ್ನು ಅವನು ಕಂಡಿರಲಿಲ್ಲ. ಆ ದಿನವೂ, 'ಅವನದು, ಅವನು ತಗೊಂಡ' ಎಂದು ಬಂದವರಿಗೆಲ್ಲ ಕುರ್ಚಿ ಹಾಕಿದವಳು ಅವಳು. ಮೂವತ್ತೈದು ವರ್ಷ ಅವನು ಬಯಸಿದ್ದು ಇದನ್ನೇ ಅಲ್ಲವೇ, ಒಂದೇ ಒಂದು ಸಲ ಅವಳಿಗೂ ಭಯವಾಗಲಿ ಎಂದು? ಆಯಿತು. ಅವನಿಗೆ ಅದನ್ನು ನೋಡಲಾಗಲಿಲ್ಲ.

'ದರ್ಜಿ!' ಎಂದು ಅಕ್ಕ ಒಮ್ಮೆಲೇ ಚೀರಿದಳು. 'ಅವನು ಕೀಲಿ ಕೊಟ್ಬಿಡ್ತಾನೆ ಕಣೋ! ನಾನೇ, ನಾನೇ ಬೇಡ ಅಂದಿದ್ದು ಅವನಿಗೆ!'

ಅವನು ಕಿಟಕಿಗೆ ಧಾವಿಸಿದ. ಕೆಳಗೆ ಬೀದಿಯಲ್ಲಿ ದರ್ಜಿ ಟೋಪಿ ಹಾಕಿದ ಮನೆ ಯಜಮಾನನ ಎದುರು ನಿಂತು ಕೈ ಚಾಚಿದ್ದ. ದರ್ಜಿಯನ್ನು ಕೂಗಿ ಕರೆಯಲು ಹೆಸರು ಗೊತ್ತಿರಲಿಲ್ಲ, ಮೂರು ತಿಂಗಳು ಆ ಮನುಷ್ಯನ ಮಕ್ಕಳ ತಲೆ ಸವರಿ ಹೋಗಿದ್ದವನಿಗೆ ಅವನ ಹೆಸರು ಕೇಳಬೇಕೆಂದು ಹೊಳೆದಿರಲಿಲ್ಲ. 'ಕೀಲಿ ಕೊಡಬೇಡಿ!' ಎಂದು ಕೂಗಿದ. ಬೀದಿಯಲ್ಲಿ ನಾಲ್ಕೈದು ಜನ ತಲೆಯೆತ್ತಿದರು. ದರ್ಜಿ ಕಿವಿಗೆ ಕೈ ಹಚ್ಚಿ, 'ಯಾಕೆ? ಗಾಜು ಒಡೀತಾ?' ಎಂದು ಕೂಗಿದ. ಹೂಂ ಎಂದುಬಿಟ್ಟಿದ್ದರೆ ಮುಗಿದೇಹೋಗುತ್ತಿತ್ತು. ನಾಲಿಗೆ ಆ ಹೂಂ ಅನ್ನು ತಯಾರು ಮಾಡಿಯೂ ಇತ್ತು. ಪಕ್ಕದಲ್ಲಿ ಅಕ್ಕನ ಉಸಿರು ಕೇಳುತ್ತಿತ್ತು. 'ಇಲ್ಲ!' ಎಂದು ಅವನು ಗಂಟಲು ಹರಿಯುವಂತೆ ಕೂಗಿದ. 'ಗಾಜು ಸುಳ್ಳು! ನಾನು ಸರಿಯಾಗಿ ಅಂಟಿಸಿರಲಿಲ್ಲ! ಗೋಡೆ ಬಿಟ್ಕೊಂಡಿದೆ, ಎಲ್ಲರೂ ಕೆಳಗಿಳೀರಿ, ಈಗಲೇ!' ಎದುರು ಕಟ್ಟಡದ ಕಿಟಕಿಯೊಂದು ತೆರೆದುಕೊಂಡಿತು. ದರ್ಜಿಯ ಮುಖದಲ್ಲಿ ಮೊದಲು ಏನೂ ಇರಲಿಲ್ಲ. ಆಮೇಲೆ ಅವನು ನೆಲಕ್ಕೆ ಉಗಿದು, ಕೀಲಿಯನ್ನು ಜೇಬಿಗಿಳಿಸಿ, ಮನೆಯೊಳಕ್ಕೆ ಓಡಿದ. ಆ ಉಗುಳು ತನಗೆ ಸಲ್ಲಬೇಕಾದದ್ದು ಎಂದು ಅವನು ಇಷ್ಟು ಎತ್ತರದಿಂದಲೇ ತೆಗೆದುಕೊಂಡ.

ಮುಂದಿನದೆಲ್ಲ ಬಾಗಿಲು ಬಡಿಯುವ ಕೆಲಸ. ಮೇಲೆ, ಕೆಳಗೆ, ಒಂದೊಂದು ಬಾಗಿಲಲ್ಲೂ ಅದೇ ಮಾತು, ಅದೇ ನಾಚಿಕೆ. ನಾಲ್ಕನೆಯ ಬಾಗಿಲಿನ ಹೊತ್ತಿಗೆ ಅವನು ಬಾಗಿಲು ತೆರೆದವರ ಮುಖ ನೋಡುವುದನ್ನು ಬಿಟ್ಟಿದ್ದ. ಒಬ್ಬಾಕೆ, 'ನಿನ್ನ ಕೈ ಸೇದಿಹೋಗ' ಎಂದಳು. ಇನ್ನೊಬ್ಬ ಮುದುಕ, 'ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯ್ತಲ್ಲಪ್ಪಾ' ಎಂದು ಬೇಸರದಿಂದ ಹೇಳಿ, ಟ್ರಂಕಿನ ಒಂದು ಹಿಡಿಯನ್ನು ಅವನ ಕೈಗೇ ಕೊಟ್ಟ. ಕಚೇರಿಗೆ ಫೋನು ಮಾಡಿದಾಗ ಮೇಲಧಿಕಾರಿ ಎರಡು ಸಲ, 'ಏನಂದ್ರಿ?' ಎಂದು ಕೇಳಿದ. ಎರಡು ಸಲವೂ ಅವನು ಹೇಳಿದ. ಆ ಕಡೆ ಹಿಂದೆ ಯಾರೋ ನಗುತ್ತಿದ್ದುದು, ಬೇರೆ ಯಾವುದೋ ಮಾತಿಗೆ ಇರಬಹುದು, ಕೇಳಿಸಿತು. ಸದ್ಯಕ್ಕೆ ಜನರನ್ನು ಇಳಿಸಿ, ಸಂಜೆ ಬಂದು ಕಾಣಿ ಎಂದು ಫೋನು ಇಟ್ಟ ಮೇಲಧಿಕಾರಿ.

ಎಲ್ಲರೂ ಇಳಿದರು ಎಂದುಕೊಂಡು ಮೇಲೆ ಬಂದರೆ ಅಕ್ಕ ಮೂರನೆಯ ಮಹಡಿಯ ಮೆಟ್ಟಿಲ ತಲೆಯಲ್ಲಿ ನಿಂತೇ ಇದ್ದಳು. ಕೈಯಲ್ಲಿ ಒಂದು ಸಣ್ಣ ಚೀಲ. ಇನ್ನೊಂದು ಕೈ ಕಂಬಿಯನ್ನು ಹಿಡಿದಿತ್ತು, ಬೆರಳ ಗೆಣ್ಣುಗಳು ಬಿಳುಪೇರಿದ್ದವು. 'ಇಳಿಯೋಕಾಗ್ತಿಲ್ಲ ಕಣೋ' ಎಂದಳು. 'ಕಾಲು ಕೇಳ್ತಿಲ್ಲ. ಮೆಟ್ಟಿಲು ಜಾರ್ತಿದೆ ಅನ್ಸುತ್ತೆ.' ಮೂವತ್ತು ವರ್ಷ, ದಿನಕ್ಕೆ ನಾಲ್ಕು ಸಲ, ಕೈಯಲ್ಲಿ ಬಕೀಟು ಹಿಡಿದು ಹಾಡಿಕೊಂಡು ಇಳಿದ ಮೆಟ್ಟಿಲು. ನೆಲದಡಿಯಿಂದ ಸಣ್ಣ ಗುಂಯ್‌ಗುಡುವಿಕೆ ಬರುತ್ತಿತ್ತು, ಯಂತ್ರದ್ದು. ದಿನಾ ಬರುತ್ತಿದ್ದದ್ದೇ, ಅವಳು ಅದನ್ನು ಇವತ್ತು ಮೊದಲ ಸಲ ಕೇಳಿಸಿಕೊಳ್ಳುತ್ತಿದ್ದಳು. ಅವನು ಎರಡು ಮೆಟ್ಟಿಲು ಕೆಳಗೆ ನಿಂತು ಕೈ ಚಾಚಿದ. ಅವಳು ಹಿಡಿಯಲಿಲ್ಲ. ಎತ್ತಿಕೊಂಡೇ ಹೋಗೋಣವೆಂದು ಸೊಂಟಕ್ಕೆ ಕೈ ಹಾಕಿದರೆ ಕಂಬಿಯನ್ನು ಇನ್ನೂ ಬಿಗಿಯಾಗಿ ತಬ್ಬಿ, 'ಬೇಡ, ಬೇಡ, ಇಬ್ಬರೂ ಬೀಳ್ತೀವಿ' ಎಂದು ಮಗುವಿನ ಹಾಗೆ ಅತ್ತಳು. ಎಲ್ಲೋ ಮೇಲಿನಿಂದ ಒಂದು ಹಿಡಿ ಗಾರೆ ಪುಡಿ ಸುರಿಯಿತು, ಅವಳ ಬಿಗಿದು ಕಟ್ಟಿದ ಕೂದಲ ಮೇಲೆ ಬಿತ್ತು. ಅವಳನ್ನು ಹೆದರಿಸಿದವನು ತಾನು. ಅವಳಲ್ಲಿದ್ದ ಒಂದೇ ಒಂದು ಊರುಗೋಲನ್ನು ಕಿತ್ತುಕೊಂಡು ಈಗ ನಡಿ ನಡಿ ಎಂದರೆ ಅವಳು ನಡೆಯುವುದಾದರೂ ಎಲ್ಲಿಂದ? ಅವನಿಗೆ ತನ್ನ ಮೇಲೆ, ಯಂತ್ರದ ಮೇಲೆ, ಒಂದು ಮಾತೂ ಆಡದೆ ಕೂತ ಆ ಮೇಲಿನವನ ಮೇಲೆ ಹೇಳತೀರದ ರೋಷ ಬಂತು.

'ಇಳಿ ಅಕ್ಕ, ಏನೂ ಆಗಲ್ಲ' ಎಂದ. 'ಅವನಿದ್ದಾನೆ. ಅಂಗೈ ಇಟ್ಟಿದ್ದಾನೆ. ಕಾಪಾಡ್ತಾನೆ, ಬಾ.'

ಹೇಳಿದ ಮೇಲೆ ಅವನಿಗೇ ಗಾಬರಿಯಾಯಿತು. ಅಕ್ಕ ಅಳುವುದನ್ನು ನಿಲ್ಲಿಸಿದಳು. ಒದ್ದೆ ಕಣ್ಣನ್ನು ಅವನ ಮುಖದ ಮೇಲೆ ಇಟ್ಟು, ಕಳ್ಳನನ್ನು ವಿಚಾರಿಸುವ ಹಾಗೆ ನೋಡಿದಳು.

'ಇದನ್ನೂ ಬಣ್ಣದ ಮೇಲೇ ಅಂಟಿಸ್ತಿದ್ದೀಯೇನೋ?'

ಇಲ್ಲ ಎನ್ನಬಹುದಿತ್ತು. ಹೌದು ಎನ್ನಬಹುದಿತ್ತು. ಮೂವತ್ತೈದು ವರ್ಷದಿಂದ ಆ ಅಂಗೈಯ ಪ್ರಶ್ನೆಗೆ ತನ್ನ ಹತ್ತಿರ ಉತ್ತರವಿದೆ ಎಂದೇ ಅವನು ತಿಳಿದಿದ್ದ. ಹುಡುಕಿದರೆ ಅಲ್ಲಿ ಏನೂ ಸಿಗಲಿಲ್ಲ, ಒಂಬತ್ತು ವರ್ಷದವನ ಉರಿಯುವ ಕೆನ್ನೆಯೊಂದನ್ನು ಬಿಟ್ಟು.

'ಗೊತ್ತಿಲ್ಲ ಅಕ್ಕ' ಎಂದ. 'ಆಣೆ ಮಾಡಿ ಹೇಳ್ತೀನಿ, ನನಗೆ ಗೊತ್ತಿಲ್ಲ.'

ಅವನ ಬಾಯಿಂದ ಇವತ್ತು ಬಂದ ಒಂದೇ ಗಟ್ಟಿ ಮಾತು ಅದು ಎಂಬಂತೆ ಅಕ್ಕ ತಲೆಯಾಡಿಸಿದಳು. ಮೂಗು ಒರೆಸಿಕೊಂಡಳು. ಕಂಬಿಯಿಂದ ಒಂದೊಂದೇ ಬೆರಳು ಬಿಡಿಸಿ, ಆ ಕೈಯನ್ನು ತಂದು ಅವನ ಹೆಗಲ ಮೇಲೆ ಇಟ್ಟಳು. ಭಾರವಾದ, ಬಿಸಿಯಾದ ಕೈ.

'ನನಗೂ ಗೊತ್ತಿಲ್ಲ' ಎಂದಳು. 'ನಡಿ. ಇಷ್ಟು ದಿನ ನೋಡಿ ನಂಬಿದ್ದಾಯ್ತು. ಇವತ್ತು ಸುಮ್ಮನೆ ನಂಬಿ ನೋಡೋಣ.'

ಅವಳ ಕಾಲು ನಡುಗುತ್ತಲೇ ಕೆಳಗಿನ ಮೆಟ್ಟಿಲಿಗೆ ಇಳಿಯಿತು.